ಕಷ್ಟದ ಬಾಲ್ಯ ದಾಟಿದವರ ಬದುಕನ್ನು ಅಳೆಯುವುದು ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ತಪ್ಪದೆ ಇರುತ್ತದೆ. ಕೂಲಿ ಮಾಡುವ ತಾಯಿಯ ಮಗಳು, ತಂದೆಯನ್ನು ಕಳೆದುಕೊಂಡ ಹುಡುಗ, ಹಾಸ್ಟೆಲಿನಲ್ಲಿದ್ದು ಓದಿದ ಅನಾಥ ಮಗು. 625ಕ್ಕೆ 610, 615 ಅಂಕ. ಪಕ್ಕದ ಫೋಟೊದಲ್ಲಿ ತಾಯಿ ಮಗಳ ಬಾಯಿಗೆ ಸಿಹಿ ಇಡುತ್ತಿರುತ್ತಾರೆ. ಓದಿದವರಿಗೆ ಸಂತೋಷವಾಗುತ್ತದೆ, ಆಗಬೇಕಾದದ್ದೇ. ಆದರೆ ಆ ಹುಡುಗಿಗೆ ಮೂವತ್ತೈದು ತುಂಬಿದಾಗ ಹೇಗಿದ್ದಾಳೆ ಎಂದು ಯಾವ ವರದಿಗಾರರೂ ಹೋಗಿ ಕೇಳುವುದಿಲ್ಲ. ಅದೇ ಮನೆಯಲ್ಲಿ ಬೆಳೆದು, ಕಷ್ಟಪಟ್ಟು ಜಸ್ಟ್ ಪಾಸಾಗಿ, ಗ್ಯಾರೇಜು ಸೇರಿ, ಈಗ ಹೆಂಡತಿ ಮಕ್ಕಳೊಡನೆ ನೆಮ್ಮದಿಯಾಗಿರುವ ಅವಳ ತಮ್ಮನ ವಿಷಯ ಯಾವ ಪುಟದಲ್ಲೂ ಬರುವುದಿಲ್ಲ.

ಕಷ್ಟದ ಬಾಲ್ಯವನ್ನು ‘ಗೆದ್ದರು’ ಎನ್ನಲು ಏನನ್ನು ನೋಡಬೇಕು? ಎಂಬತ್ತು ವರ್ಷಗಳಿಂದ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು, ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಯ ಸುತ್ತ ಕೆಲಸ ಮಾಡಿದ್ದಾರೆ. ಒಬ್ಬರು ಹೊರಗಿನಿಂದ ಕಾಣುವುದನ್ನು ಎಣಿಸಿದರು: ಓದು, ನೌಕರಿ, ಸಂಸಾರ, ಪೊಲೀಸ್ ದಾಖಲೆ. ಇನ್ನೊಬ್ಬರು ಆ ಮನುಷ್ಯನನ್ನೇ ಕೇಳಿದರು. ಮತ್ತೊಬ್ಬರು ರಕ್ತ ಪರೀಕ್ಷೆ ಮಾಡಿದರು. ಮೂವರ ಉತ್ತರಗಳೂ ಎಷ್ಟೋ ಸಲ ಒಂದಕ್ಕೊಂದು ಹೊಂದುವುದಿಲ್ಲ. ಈ ಕ್ಷೇತ್ರದ ಜಗಳಗಳಲ್ಲಿ ಅರ್ಧದಷ್ಟು ಹುಟ್ಟಿರುವುದು ಒಬ್ಬೊಬ್ಬರು ಒಂದೊಂದು ಅಳತೆಗೋಲು ಹಿಡಿದು ಒಂದೇ ವಸ್ತುವನ್ನು ಅಳೆಯುತ್ತಿದ್ದೇವೆಂದು ತಿಳಿದದ್ದರಿಂದ ಎಂಬುದು ನನ್ನ ಅಭಿಪ್ರಾಯ.

ಮೊದಲು ಎಣಿಸಿದ್ದು ಹಾನಿಯನ್ನು

ಬಾಲ್ಯದ ಗಾಯ ದೊಡ್ಡವರಾದ ಮೇಲೂ ಬೆನ್ನು ಬಿಡುವುದಿಲ್ಲ ಎಂದು ಫ್ರಾಯ್ಡ್ ಬಹಳ ಹಿಂದೆಯೇ ಹೇಳಿದ್ದ. ಅದನ್ನು ಲೆಕ್ಕಕ್ಕೆ ತಂದವರು ಎರಡನೆಯ ಮಹಾಯುದ್ಧದ ಕಾಲದ ವೈದ್ಯರು. ಲಂಡನ್ನಿನ ಜಾನ್ ಬೌಲ್ಬಿ 1944ರಲ್ಲಿ, ಕಳ್ಳತನ ಮಾಡಿ ಚಿಕಿತ್ಸಾಲಯಕ್ಕೆ ಬಂದ 44 ಮಕ್ಕಳ ಪೂರ್ವಕಥೆ ಬರೆದ. ಅವರಲ್ಲಿ ಯಾರ ಮೇಲೂ ಮಮತೆಯೇ ಇಲ್ಲದಂತಿದ್ದ ಮಕ್ಕಳ ಪೈಕಿ ಹೆಚ್ಚಿನವರು ಎಳವೆಯಲ್ಲೇ ತಾಯಿಯಿಂದ ದೀರ್ಘಕಾಲ ದೂರವಾಗಿದ್ದವರು. ಮರುವರ್ಷ ರೆನೆ ಸ್ಪಿಟ್ಜ್ ಅನಾಥಾಲಯದ ಕೂಸುಗಳನ್ನೂ ಜೈಲಿನಲ್ಲಿ ತಾಯಂದಿರೇ ನೋಡಿಕೊಳ್ಳುತ್ತಿದ್ದ ಕೂಸುಗಳನ್ನೂ ಹೋಲಿಸಿದ. ಶುಚಿಯಾದ ಅನಾಥಾಲಯದಲ್ಲಿ ಹೊಟ್ಟೆಗೆ ಕೊರತೆಯಿರಲಿಲ್ಲ. ಎತ್ತಿಕೊಳ್ಳುವವರು ಮಾತ್ರ ಇರಲಿಲ್ಲ. ಕೊರಗಿದ್ದು, ಸೊರಗಿದ್ದು, ಸತ್ತದ್ದು ಅಲ್ಲಿನ ಮಕ್ಕಳೇ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬೌಲ್ಬಿ ಬರೆದ ವರದಿ ಹಲವು ದೇಶಗಳ ಆಸ್ಪತ್ರೆ ಮತ್ತು ಅನಾಥಾಲಯಗಳ ನಿಯಮಗಳನ್ನೇ ಬದಲಿಸಿತು.

ಈ ಪರಂಪರೆಗೆ ಮಕ್ಕಳ ಲೋಕ ಎಷ್ಟು ಋಣಿಯಾಗಿದ್ದರೂ ಸಾಲದು. ಆದರೆ ಅದರ ನೋಟದಲ್ಲಿ ಒಂದು ಕೊರತೆಯಿತ್ತು. ಅದು ಕೆಟ್ಟುಹೋದ ಬದುಕಿನಿಂದ ಹಿಂದಕ್ಕೆ ನಡೆದು ಬಾಲ್ಯವನ್ನು ಹುಡುಕುತ್ತಿತ್ತು. ತಾಯಿಯನ್ನು ಕಳೆದುಕೊಂಡೂ ಚೆನ್ನಾಗಿ ಬೆಳೆದವರು ಬೌಲ್ಬಿಯ ಚಿಕಿತ್ಸಾಲಯದ ಬಾಗಿಲು ತಟ್ಟಬೇಕಾದ ಕಾರಣವೇ ಇರಲಿಲ್ಲ. ಅಂಥವರು ಎಷ್ಟು ಮಂದಿ ಎಂದು ತಿಳಿಯಬೇಕಾದರೆ ಮಗು ಹುಟ್ಟಿದ ದಿನದಿಂದ ಮುಂದಕ್ಕೆ ನಡೆಯಬೇಕಿತ್ತು.

ಕವಾಯಿ ದ್ವೀಪದ 698 ಮಕ್ಕಳು

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಎಮ್ಮಿ ವರ್ನರ್, ರೂತ್ ಸ್ಮಿತ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಹಿಂಬಾಲಿಸಿದರು. ಒಟ್ಟು 698 ಮಕ್ಕಳು. ಬಹುಪಾಲು ತಂದೆತಾಯಿಗಳು ಜಪಾನ್, ಫಿಲಿಪ್ಪೀನ್ಸ್ ಮುಂತಾದೆಡೆಗಳಿಂದ ಕಬ್ಬಿನ ತೋಟಕ್ಕೆ ಕೂಲಿಗೆ ಬಂದವರ ಪೀಳಿಗೆ, ಇಲ್ಲವೇ ಹವಾಯಿಯ ಮೂಲನಿವಾಸಿಗಳು. ಹುಟ್ಟುವ ಮುನ್ನವೇ ಶುರುವಾದ ದಾಖಲೆ ಒಂದು, ಎರಡು, ಹತ್ತು, ಹದಿನೆಂಟು, ಮೂವತ್ತೆರಡು, ನಲವತ್ತನೆಯ ವಯಸ್ಸುಗಳವರೆಗೆ ಮುಂದುವರಿಯಿತು.

ಬಡತನ, ಹೆರಿಗೆಯಲ್ಲಿನ ತೊಡಕು, ಮನೆಯಲ್ಲಿ ಕುಡಿತ ಮತ್ತು ಜಗಳ, ತಾಯಿ ಅಥವಾ ತಂದೆಗೆ ಮಾನಸಿಕ ಕಾಯಿಲೆ: ಎರಡು ವರ್ಷ ತುಂಬುವುದರೊಳಗೆ ಇಂಥ ನಾಲ್ಕು ಅಥವಾ ಹೆಚ್ಚಿನ ಹೊರೆ ಹೊತ್ತ ಮಕ್ಕಳು ಸುಮಾರು ಇನ್ನೂರು. ಅವರಲ್ಲಿ ಮೂರನೇ ಎರಡರಷ್ಟು ಮಂದಿಗೆ ಹತ್ತರ ವಯಸ್ಸಿಗೆ ಕಲಿಕೆಯಲ್ಲಿ ಅಥವಾ ನಡವಳಿಕೆಯಲ್ಲಿ ತೊಂದರೆ, ಇಲ್ಲವೇ ಹದಿನೆಂಟಕ್ಕೆ ಪೊಲೀಸ್ ಕೇಸು, ಮಾನಸಿಕ ಸಮಸ್ಯೆ, ಮದುವೆಗೆ ಮುಂಚಿನ ಬಸಿರು. ಉಳಿದ 72 ಮಕ್ಕಳು ಎಲ್ಲ ಲೆಕ್ಕಾಚಾರ ಮೀರಿ, ಆತ್ಮವಿಶ್ವಾಸದ, ಇತರರ ಬಗ್ಗೆ ಕಾಳಜಿಯುಳ್ಳ ತರುಣ ತರುಣಿಯರಾಗಿದ್ದರು.

ಈ 72 ಮಂದಿಯ ಮನೆಗಳಲ್ಲಿ ಏನಿತ್ತು? ವರ್ನರ್ ಕಂಡದ್ದು ಸಾಮಾನ್ಯ ಸಂಗತಿಗಳನ್ನೇ. ಕೂಸಾಗಿದ್ದಾಗ ಬೇಗ ಒಗ್ಗಿಕೊಳ್ಳುವ ಸ್ವಭಾವ. ತಂದೆತಾಯಿ ಇಲ್ಲದಿದ್ದರೂ ಅಜ್ಜಿಯೋ ಅಕ್ಕನೋ ಚಿಕ್ಕಮ್ಮನೋ, ಒಬ್ಬರಾದರೂ ಗಟ್ಟಿಯಾಗಿ ಹಿಡಿದುಕೊಂಡದ್ದು. ಶಾಲೆಯಲ್ಲಿ ಹೆಸರು ಹಿಡಿದು ಕರೆದ ಒಬ್ಬ ಟೀಚರು. ಮನೆಯಲ್ಲಿ ಆ ಮಗುವಿನ ಕೈಯಿಂದ ಆಗಲೇಬೇಕಾಗಿದ್ದ ಒಂದು ಕೆಲಸ, ಹೆಚ್ಚಾಗಿ ಚಿಕ್ಕವರನ್ನು ನೋಡಿಕೊಳ್ಳುವುದು. ಮಿನೆಸೋಟದ ಆ್ಯನ್ ಮಾಸ್ಟನ್ 2001ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ ಹೇಳಿದ್ದೂ ಇದನ್ನೇ: ಚೇತರಿಕೆಗೆ ಅಸಾಧಾರಣ ಶಕ್ತಿ ಬೇಕಿಲ್ಲ, ಎಲ್ಲ ಮಕ್ಕಳಿಗೂ ಬೇಕಾದ ಸಾಮಾನ್ಯ ಆಸರೆಗಳು ಕೆಡದೆ ಉಳಿದರೆ ಸಾಕು.

ಕವಾಯಿಯ ಹೆಸರು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಆ ಅಧ್ಯಯನದ ಅತ್ಯಂತ ಮುಖ್ಯವಾದ ಮಾತು ಮುಂದಿದೆ.

ಯಾವ ವಯಸ್ಸಿನಲ್ಲಿ ನೋಡಿದಿರಿ?

ಹದಿನೆಂಟನೆಯ ವಯಸ್ಸಿನಲ್ಲಿ ‘ದಾರಿ ತಪ್ಪಿದವರು’ ಎಂದು ಬರೆದುಕೊಂಡಿದ್ದ ಆ ಮಕ್ಕಳನ್ನು ವರ್ನರ್ ನಲವತ್ತರ ಹೊತ್ತಿಗೆ ಮತ್ತೆ ಹುಡುಕಿದಾಗ ಅವರಲ್ಲಿ ಹೆಚ್ಚಿನವರು ಸರಿದಾರಿಗೆ ಬಂದಿದ್ದರು. ಹದಿಹರೆಯದಲ್ಲೇ ತಾಯಾದವರು ಮತ್ತೆ ಕಾಲೇಜು ಸೇರಿ ಕೆಲಸ ಹಿಡಿದಿದ್ದರು. ಕೆಲವರನ್ನು ಸೈನ್ಯ ಬದಲಿಸಿತ್ತು, ಕೆಲವರನ್ನು ಒಳ್ಳೆಯ ಮದುವೆ, ಕೆಲವರನ್ನು ಚರ್ಚು, ಇನ್ನು ಕೆಲವರನ್ನು ಸಾವಿನ ಅಂಚಿಗೆ ಹೋಗಿ ಬಂದ ಕಾಯಿಲೆ. ಇನ್ನೊಂದೆಡೆ, ಆ 72 ಮಂದಿಯಲ್ಲೂ ಕೆಲವರಿಗೆ ಒತ್ತಡದಿಂದ ಬರುವ ಆರೋಗ್ಯದ ತೊಂದರೆಗಳಿದ್ದವು, ಕೆಲವರು ತಂದೆತಾಯಿಯಿಂದ ಮನಸ್ಸನ್ನು ದೂರವಿಟ್ಟೇ ಬದುಕಿದ್ದರು. ಹದಿನೆಂಟರಲ್ಲಿ ಲೆಕ್ಕ ಮುಗಿಸಿದ್ದರೆ ಎರಡೂ ಗುಂಪುಗಳ ಬಗ್ಗೆ ತಪ್ಪು ತೀರ್ಪು ದಾಖಲಾಗುತ್ತಿತ್ತು.

ಸಮಾಜಶಾಸ್ತ್ರದಲ್ಲಿ ಇದೇ ಮಾತನ್ನು ಗ್ಲೆನ್ ಎಲ್ಡರ್ 1974ರಲ್ಲೇ ಹೇಳಿದ್ದ. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಬೆಳೆದ ಕ್ಯಾಲಿಫೋರ್ನಿಯಾದ ಮಕ್ಕಳನ್ನು ಅವನು ಅಧ್ಯಯನ ಮಾಡಿದ. ಮನೆ ಬಡತನಕ್ಕೆ ಬಿದ್ದಾಗ ಮಗುವಿನ ವಯಸ್ಸೆಷ್ಟು, ಬೆಳೆದು ಹೊರಬಂದಾಗ ಸಮಾಜ ಯಾವ ಬಾಗಿಲು ತೆರೆದಿತ್ತು ಎಂಬುದರ ಮೇಲೆ ಬದುಕು ಬೇರೆಬೇರೆಯಾಯಿತು. ಬಾಸ್ಟನ್ನಿನ ಬಡ ಕೇರಿಗಳ 500 ಅಪರಾಧಿ ಬಾಲಕರ ಹಳೆಯ ಕಡತಗಳನ್ನು ಎತ್ತಿಕೊಂಡು, ಅವರನ್ನು ಎಪ್ಪತ್ತರ ವಯಸ್ಸಿನವರೆಗೆ ಹಿಂಬಾಲಿಸಿದ ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಕಂಡದ್ದೂ ಹಾಗೆಯೇ. ಯಾರು ಮುಂದೆ ನೆಟ್ಟಗಾಗುತ್ತಾರೆ ಎಂದು ಬಾಲ್ಯದ ಕಡತ ನೋಡಿ ಹೇಳಲು ಆಗುತ್ತಿರಲಿಲ್ಲ.

ರೊಮೇನಿಯಾದ ಮಕ್ಕಳ ಕಥೆ ಇನ್ನೂ ಸಂಕೀರ್ಣ. 1989ರಲ್ಲಿ ಚೌಷೆಸ್ಕು ಆಡಳಿತ ಬಿದ್ದ ಮೇಲೆ ಅಲ್ಲಿಂದ, ಹೆಚ್ಚಿನವರನ್ನು ಘೋರ ಅನಾಥಾಲಯಗಳಿಂದಲೇ, ಬ್ರಿಟನ್ನಿನ ಕುಟುಂಬಗಳು ದತ್ತು ಪಡೆದ 165 ಮಕ್ಕಳನ್ನು ಮೈಕೆಲ್ ರಟ್ಟರ್ ತಂಡ ದಶಕಗಳ ಕಾಲ ನೋಡಿತು. ಆರು ತಿಂಗಳೊಳಗೆ ಹೊರಬಂದವರು ಬಹುಮಟ್ಟಿಗೆ ಇತರ ಮಕ್ಕಳಂತೆಯೇ ಬೆಳೆದರು. ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಅನೇಕರ ಬುದ್ಧಿಮತ್ತೆ ನಿಧಾನವಾಗಿ ಸುಧಾರಿಸಿತು. ಆದರೆ ಅದೇ ಗುಂಪಿನಲ್ಲಿ ಖಿನ್ನತೆ, ಆತಂಕಗಳು ಯೌವನದಲ್ಲಿ ಹೊಸದಾಗಿ ಕಾಣಿಸಿಕೊಂಡವು. ಒಂದು ಕಡೆ ಚೇತರಿಕೆ, ಇನ್ನೊಂದು ಕಡೆ ಕುಸಿತ, ಎರಡೂ ಅದೇ ಜನರಲ್ಲಿ. ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲೂ ಸುಮಾರು ಐದರಲ್ಲಿ ಒಬ್ಬರು ಯಾವ ವಯಸ್ಸಿನಲ್ಲೂ ತೊಂದರೆ ತೋರಿಸಲಿಲ್ಲ. ಅದಕ್ಕೆ ತೃಪ್ತಿಕರ ವಿವರಣೆ ಇನ್ನೂ ಸಿಕ್ಕಿಲ್ಲ.

ಹತ್ತು ಪ್ರಶ್ನೆಗಳ ಪಟ್ಟಿ

ಈ ಚರ್ಚೆ ವಿದ್ವಾಂಸರ ಕೋಣೆಯಿಂದ ಜನಸಾಮಾನ್ಯರಿಗೆ ತಲುಪಿದ್ದು ಒಂದು ತೂಕ ಇಳಿಸುವ ಚಿಕಿತ್ಸಾಲಯದ ಮೂಲಕ. 1980ರ ದಶಕದಲ್ಲಿ ಸ್ಯಾನ್ ಡಿಯಾಗೊದ ಕೈಸರ್ ಪರ್ಮನೆಂಟೆ ಸಂಸ್ಥೆಯಲ್ಲಿ ವೈದ್ಯ ವಿನ್ಸೆಂಟ್ ಫೆಲಿಟ್ಟಿ ಸ್ಥೂಲಕಾಯದವರಿಗಾಗಿ ಒಂದು ಕಾರ್ಯಕ್ರಮ ನಡೆಸುತ್ತಿದ್ದ. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದುದು ಅವನಿಗೆ ಒಗಟಾಗಿತ್ತು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತ ಹೋದಾಗ, ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಅವರಲ್ಲಿ ಎಷ್ಟು ಮಂದಿ ಎಂಬುದು ಹೊರಬಿತ್ತು. ವೈದ್ಯರಿಗೆ ರೋಗವಾಗಿ ಕಂಡ ಬೊಜ್ಜು ಅವರಲ್ಲಿ ಅನೇಕರಿಗೆ ರಕ್ಷಣೆಯಾಗಿತ್ತು.

ಅದರ ಬೆನ್ನು ಹತ್ತಿ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 1995ರಿಂದ 1997ರವರೆಗೆ ಹದಿನೇಳು ಸಾವಿರಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಿದರು. ದೈಹಿಕ, ಮಾನಸಿಕ, ಲೈಂಗಿಕ ದೌರ್ಜನ್ಯ. ಎರಡು ಬಗೆಯ ನಿರ್ಲಕ್ಷ್ಯ. ಮನೆಯಲ್ಲಿ ತಾಯಿಗೆ ಹೊಡೆತ, ಕುಡಿತ ಅಥವಾ ಮಾದಕ ವಸ್ತು, ಮಾನಸಿಕ ಕಾಯಿಲೆ, ತಂದೆತಾಯಿ ಬೇರೆಯಾದದ್ದು, ಮನೆಯವರು ಜೈಲಿಗೆ ಹೋದದ್ದು: ಹೀಗೆ ಹತ್ತು ಬಗೆ. ಪ್ರತಿ ‘ಹೌದು’ಗೆ ಒಂದು ಅಂಕ. ಮೂರನೇ ಎರಡರಷ್ಟು ಮಂದಿಗೆ ಕನಿಷ್ಠ ಒಂದು ಅಂಕ ಬಂತು, ಎಂಟರಲ್ಲಿ ಒಬ್ಬರಿಗೆ ನಾಲ್ಕು ಅಥವಾ ಹೆಚ್ಚು. 1998ರ ಮೊದಲ ಪ್ರಬಂಧದ ಪ್ರಕಾರ ನಾಲ್ಕು ಅಥವಾ ಹೆಚ್ಚು ಅಂಕ ಬಂದವರಲ್ಲಿ ಕುಡಿತದ ಚಟ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನಗಳ ಅಪಾಯ ಒಂದು ಅಂಕವೂ ಇಲ್ಲದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚು. ಇವರು ಕೊಳೆಗೇರಿಯವರಲ್ಲ, ಬಹುಪಾಲು ಕಾಲೇಜು ಮೆಟ್ಟಿಲು ಹತ್ತಿದ, ಆರೋಗ್ಯ ವಿಮೆಯಿದ್ದ ಬಿಳಿಯ ಅಮೆರಿಕನ್ನರು. ಎಲ್ಲರೂ ಬೆಚ್ಚಿದ್ದು ಅದಕ್ಕೇ.

ಈ ಅಂಕ ಮಾಡಿದ ಉಪಕಾರ ದೊಡ್ಡದು. ಮನೆಯೊಳಗಿನ ಗುಟ್ಟು ಸಾರ್ವಜನಿಕ ಆರೋಗ್ಯದ ವಿಷಯವಾಯಿತು. ಕಷ್ಟ ಬಂದದ್ದು ಇಂಟರ್‌ನೆಟ್ಟಿನಲ್ಲಿ ಜನ ತಮ್ಮ ಅಂಕ ತಾವೇ ಹಾಕಿಕೊಂಡು, ಬಂದ ಸಂಖ್ಯೆಯನ್ನು ತಮ್ಮ ಭವಿಷ್ಯವೆಂದು ಓದತೊಡಗಿದಾಗ. ಸಾವಿರಾರು ಜನರ ಸರಾಸರಿಗೆ ಸಲ್ಲುವ ಮಾತು ಒಬ್ಬ ವ್ಯಕ್ತಿಗೆ ಸಲ್ಲಬೇಕೆಂದಿಲ್ಲ. ಹಾಗೆ ಬಳಸಬಾರದೆಂದು 2020ರಲ್ಲಿ ಆಂಡಾ ಅವರೇ ಎಚ್ಚರಿಸಿ ಬರೆದರು. ಮರುವರ್ಷ ಜೆಸ್ಸಿ ಬಾಲ್ಡ್‌ವಿನ್ ತಂಡವೂ ಈ ಅಂಕದಿಂದ ಯಾರಿಗೆ ಕಾಯಿಲೆ ಬರುತ್ತದೆಂದು ಹೇಳಲಾಗದು ಎಂದು ತೋರಿಸಿತು. ಪಟ್ಟಿಯಲ್ಲಿ ಇಲ್ಲದಿರುವುದೂ ಕಡಿಮೆಯಲ್ಲ. ತಂದೆತಾಯಿಯ ಸಾವು, ಶಾಲೆಯಲ್ಲಿ ಕಿರುಕುಳ, ಜನಾಂಗದ ಅಥವಾ ಜಾತಿಯ ಅವಮಾನ, ಇದಾವುದಕ್ಕೂ ಅಲ್ಲಿ ಅಂಕವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮುಂದೆ ರೂಪಿಸಿದ ಅಂತರರಾಷ್ಟ್ರೀಯ ಪ್ರಶ್ನಾವಳಿ ಓರಗೆಯವರ ಹಿಂಸೆ, ಬೀದಿಯ ಹಿಂಸೆ, ಗಲಭೆ ಯುದ್ಧಗಳನ್ನು ಸೇರಿಸಿಕೊಂಡಿತು.

ದಾಖಲೆಯ ಬಾಲ್ಯ, ನೆನಪಿನ ಬಾಲ್ಯ

ಹೆಚ್ಚಿನ ಅಧ್ಯಯನಗಳು ದೊಡ್ಡವರಾದವರನ್ನು ಹಿಡಿದು, ನಿಮ್ಮ ಬಾಲ್ಯ ಹೇಗಿತ್ತು ಎಂದು ಕೇಳುತ್ತವೆ. ಆ ನೆನಪನ್ನು ಎಷ್ಟು ನಂಬಬಹುದು? ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಂದಿಯ ಬದುಕನ್ನು ಬಾಲ್ಯದಿಂದಲೇ ದಾಖಲಿಸಿರುವುದರಿಂದ ಅಲ್ಲಿ ಇದನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಆಗ ಬರೆದಿಟ್ಟ ಕಷ್ಟಕ್ಕೂ ದೊಡ್ಡವರಾಗಿ ನೆನೆದು ಹೇಳಿದ ಕಷ್ಟಕ್ಕೂ ಹೊಂದಾಣಿಕೆ ಅರೆಬರೆ. ಇನ್ನೂ ಕುತೂಹಲದ ಸಂಗತಿಯೆಂದರೆ, ದೇಹದ ಆರೋಗ್ಯದಂಥ ಪರೀಕ್ಷೆ ಮಾಡಿ ನೋಡಬಹುದಾದ ಫಲಗಳಿಗೆ ದಾಖಲೆಯ ಬಾಲ್ಯ ಹೆಚ್ಚು ಹತ್ತಿರವಿತ್ತು. ತಾವೇ ಹೇಳಿಕೊಳ್ಳುವ ಸುಖದುಃಖಗಳಿಗೆ ನೆನಪಿನ ಬಾಲ್ಯ ಹತ್ತಿರವಿತ್ತು. ಆಂಡ್ರಿಯಾ ಡನೀಸ್ ಮತ್ತು ಕ್ಯಾಥಿ ವಿಡೊಮ್ 2020ರಲ್ಲಿ ಅಮೆರಿಕದ ನ್ಯಾಯಾಲಯಗಳಲ್ಲಿ ದಾಖಲಾಗಿದ್ದ ದೌರ್ಜನ್ಯದ ಪ್ರಕರಣಗಳನ್ನು ಹೀಗೆಯೇ ಹೋಲಿಸಿದರು. ಕಡತದಲ್ಲಿದ್ದೂ ತಾವಾಗಿ ಹೇಳದವರಲ್ಲಿ ಮಾನಸಿಕ ಕಾಯಿಲೆ ಅಷ್ಟಾಗಿ ಹೆಚ್ಚಿರಲಿಲ್ಲ. ಹೇಳಿದವರಲ್ಲಿ, ಕಡತ ಇರಲಿ ಬಿಡಲಿ, ಹೆಚ್ಚಿತ್ತು.

ಇದನ್ನು ಓದಿ ‘ಮರೆತರೆ ಸಾಕು’ ಎಂದು ಹೇಳಿಬಿಡುವುದು ಕ್ರೌರ್ಯ. ಈಗಿನ ಖಿನ್ನತೆಯೇ ಹಳೆಯ ನೆನಪನ್ನು ಎಳೆದು ತರುತ್ತಿರಬಹುದು. ಹೇಳದವರು ಮರೆತಿದ್ದಾರೋ, ಮುಚ್ಚಿಟ್ಟಿದ್ದಾರೋ, ಅದನ್ನು ದೌರ್ಜನ್ಯವೆಂದೇ ಭಾವಿಸಲಿಲ್ಲವೋ ಯಾರಿಗೆ ಗೊತ್ತು? ನಮ್ಮ ಮನೆಗಳಲ್ಲಿ ಬೆಲ್ಟಿನ ಏಟು ತಿಂದು ಬೆಳೆದವರನ್ನು ಕೇಳಿನೋಡಿ. ‘ಹೊಡೆದು ಬುದ್ಧಿ ಹೇಳಿದರು, ಅದಕ್ಕೇ ಮನುಷ್ಯನಾದೆ’ ಎನ್ನುವವರೇ ಹೆಚ್ಚು.

ಸಂತೋಷಕ್ಕೆ ಏಣಿ ಹಾಕಿದವರು

ಸಂತೋಷದ ಅಳತೆಗೆ ಬೇರೆಯದೇ ವಂಶಾವಳಿಯಿದೆ. ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಒಂದು ಏಣಿಯ ಚಿತ್ರ ಕೊಟ್ಟ. ತುದಿಯ ಮೆಟ್ಟಿಲು ನಿಮಗೆ ಸಾಧ್ಯವಿರುವ ಅತ್ಯುತ್ತಮ ಬದುಕು, ಬುಡ ಅತ್ಯಂತ ಕೆಟ್ಟ ಬದುಕು. ಈಗ ಎಲ್ಲಿ ನಿಂತಿದ್ದೀರಿ? ಇಂದು ದೇಶಗಳ ಸಂತೋಷದ ಪಟ್ಟಿ ಪ್ರಕಟವಾಗುವುದು ಈ ಒಂದು ಪ್ರಶ್ನೆಯ ಮೇಲೆ. ಎಡ್ ಡೀನರ್ ಮತ್ತು ಜೊತೆಗಾರರು 1985ರಲ್ಲಿ ಐದು ವಾಕ್ಯಗಳ ಮಾಪನ ತಂದರು. ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಅಂಕ, ಒಟ್ಟು 5ರಿಂದ 35. ಡೇನಿಯಲ್ ಕಾನೆಮನ್ ಬದುಕನ್ನು ನೆನೆದು ಹೇಳುವ ತೃಪ್ತಿ ಬೇರೆ, ಗಂಟೆಗಂಟೆಗೆ ಅನುಭವಿಸುವ ಸುಖ ಬೇರೆ ಎಂದು ಬಿಡಿಸಿ ತೋರಿಸಿದ. ಕ್ಯಾರಲ್ ರಿಫ್ 1989ರಲ್ಲಿ, ಖುಷಿ ಒಂದನ್ನೇ ಕೇಳಿದರೆ ಸಾಲದೆಂದು ಸ್ವಾತಂತ್ರ್ಯ, ಸಂಬಂಧ, ಬದುಕಿನ ಗುರಿ, ತನ್ನನ್ನು ತಾನು ಒಪ್ಪಿಕೊಳ್ಳುವುದು ಮುಂತಾದ ಆರು ಮುಖಗಳನ್ನು ಮುಂದಿಟ್ಟಳು.

ಬಾಲ್ಯಕ್ಕೂ ಈ ಮಾಪನಗಳಿಗೂ ನೇರ ಸಂಬಂಧ ಕಟ್ಟಿದ ಕೆಲಸಗಳಲ್ಲಿ 2018ರಲ್ಲಿ ಆ್ಯಂಡ್ರೂ ಕ್ಲಾರ್ಕ್, ರಿಚರ್ಡ್ ಲೇಯರ್ಡ್ ಮತ್ತಿತರರು ಪ್ರಕಟಿಸಿದ ಪುಸ್ತಕ ಮುಖ್ಯವಾದದ್ದು. ಬ್ರಿಟನ್ನಿನಲ್ಲಿ 1970ರಲ್ಲಿ ಹುಟ್ಟಿದವರ ದಾಖಲೆಗಳನ್ನು ನೋಡಿ ಅವರು ಹೇಳಿದ್ದು: ದೊಡ್ಡವರಾದ ಮೇಲಿನ ತೃಪ್ತಿಯನ್ನು ಮಗುವಿನ ಪರೀಕ್ಷೆಯ ಅಂಕಗಳಿಗಿಂತ ಮಗುವಿನ ಮನಸ್ಸಿನ ಆರೋಗ್ಯ ಚೆನ್ನಾಗಿ ಸೂಚಿಸುತ್ತದೆ. ಅಂಕಪಟ್ಟಿಯನ್ನೇ ಬಿಡುಗಡೆಯ ಪತ್ರವೆಂದು ನಂಬಿರುವ ನಾವು ಇದನ್ನು ಎರಡು ಸಲ ಓದಬೇಕು.

ಇಲ್ಲಿ ಅಮರ್ತ್ಯ ಸೇನ್ ಎತ್ತಿದ ಆಕ್ಷೇಪವನ್ನು ದಾಟಿ ಹೋಗುವಂತಿಲ್ಲ. ಬಹಳ ಕಾಲ ಕೊರತೆಯಲ್ಲೇ ಬದುಕಿದವರು ಆಸೆಯನ್ನು ಕುಗ್ಗಿಸಿಕೊಂಡು ಸಣ್ಣದರಲ್ಲೇ ತೃಪ್ತಿ ಕಾಣುತ್ತಾರೆ; ಆ ತೃಪ್ತಿಯನ್ನೇ ಅಳತೆಯಾಗಿ ಹಿಡಿದರೆ ಅನ್ಯಾಯ ಮರೆಯಾಗುತ್ತದೆ. ಕ್ಯಾಂಟ್ರಿಲನ ಏಣಿಯನ್ನೇ ನೋಡಿ. ತುದಿ ಎಷ್ಟು ಎತ್ತರದಲ್ಲಿದೆ ಎಂದು ಊಹಿಸಬೇಕಾದವರು ಉತ್ತರ ಹೇಳುವವರೇ. ಎರಡು ಹೊತ್ತು ಊಟ ಸಿಕ್ಕರೆ ಸಾಕೆಂದು ಬೆಳೆದವಳ ಎಂಟನೆಯ ಮೆಟ್ಟಿಲೂ ಎಲ್ಲ ಇದ್ದು ಬೆಳೆದವನ ಎಂಟನೆಯ ಮೆಟ್ಟಿಲೂ ಒಂದೇ ಎತ್ತರದಲ್ಲಿಲ್ಲ. ಹಾಗಾಗಿ ಜನ ಏನನ್ನು ಅನುಭವಿಸುತ್ತಾರೆ ಎಂಬುದಕ್ಕಿಂತ ಅವರಿಗೆ ಏನು ಮಾಡಲು, ಏನಾಗಲು ಸಾಧ್ಯವಿದೆ ಎಂದು ನೋಡಬೇಕೆಂಬುದು ಸೇನ್ ವಾದ. ಈ ಮಾತಿನ ಬಲ ಒಪ್ಪುತ್ತಲೇ ನನಗೆ ಒಂದು ಹಿಂಜರಿಕೆಯಿದೆ. ಕಷ್ಟ ಉಂಡವರೊಬ್ಬರು ‘ನಾನು ಚೆನ್ನಾಗಿದ್ದೇನೆ’ ಎಂದಾಗ, ಇಲ್ಲ, ನಿಮಗೆ ತಿಳಿಯುತ್ತಿಲ್ಲ ಎನ್ನುವ ಅಧಿಕಾರ ಯಾರಿಗಿದೆ?

ಮೈ ಕೊಡುವ ಲೆಕ್ಕ

ಅಮೆರಿಕದ ಜಾರ್ಜಿಯಾ ರಾಜ್ಯದ ಹಳ್ಳಿಗಳ ಬಡ ಕರಿಯ ಕುಟುಂಬಗಳ ಮಕ್ಕಳನ್ನು ಜೀನ್ ಬ್ರೋಡಿ, ಗ್ರೆಗರಿ ಮಿಲ್ಲರ್ ಮತ್ತವರ ತಂಡ ವರ್ಷಗಟ್ಟಲೆ ನೋಡಿತು. ಸಂಯಮದಿಂದ ಓದಿ, ಕೆಟ್ಟ ಸಹವಾಸ ಬಿಟ್ಟು, ಕಾಲೇಜು ಸೇರಿದ ಹುಡುಗ ಹುಡುಗಿಯರು ಹೊರಗಿನ ಎಲ್ಲ ಅಳತೆಯಲ್ಲೂ ಗೆದ್ದವರು. ಖಿನ್ನತೆಯೂ ಅವರಲ್ಲಿ ಕಡಿಮೆ. ಆದರೆ ರಕ್ತದೊತ್ತಡ, ಒತ್ತಡದ ಹಾರ್ಮೋನುಗಳು, ಜೀವಕೋಶಗಳ ಮುಪ್ಪು ನೋಡಿದಾಗ ಅದೇ ಗೆದ್ದವರ ಮೈ ವಯಸ್ಸಿಗೆ ಮೀರಿ ಸವೆದಿತ್ತು. ಅನುಕೂಲಸ್ಥರ ಮನೆಯ ಮಕ್ಕಳಲ್ಲಿ ಅಂಥದೇ ಸಂಯಮಕ್ಕೆ ಈ ಬೆಲೆ ಇರಲಿಲ್ಲ. ಈ ಚೇತರಿಕೆ ಚರ್ಮದ ಮೇಲಷ್ಟೇ ಎಂದು ಸಂಶೋಧಕರು ಬರೆದರು.

ನಮ್ಮ ಮೈಸೂರಿಗೂ ಈ ಅಧ್ಯಾಯದಲ್ಲಿ ಪಾಲಿದೆ. ಅಲ್ಲಿನ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳ ದಾಖಲೆಗಳು ಉಳಿದಿದ್ದವು. ಆ ಮಕ್ಕಳನ್ನು ನಡುವಯಸ್ಸಿಗೆ ಬಂದ ಮೇಲೆ ಹುಡುಕಿ ನೋಡಿದಾಗ, ಹುಟ್ಟುವಾಗ ಚಿಕ್ಕದಾಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ವರದಿಯಾಯಿತು. ಕಷ್ಟದ ಬಾಲ್ಯ ಅಂಗಳದಲ್ಲಿ ಶುರುವಾಗುವ ಮುನ್ನ ಗರ್ಭದಲ್ಲೇ, ತಾಯಿಯ ಊಟದ ತಟ್ಟೆಯಲ್ಲೇ ಶುರುವಾಗಿರುತ್ತದೆ. ಯಾರ ಸಂದರ್ಶನದಲ್ಲೂ ಅದು ಹೊರಬರಲಾರದು, ಏಕೆಂದರೆ ಯಾರಿಗೂ ಅದರ ನೆನಪಿರುವುದಿಲ್ಲ.

ಕಷ್ಟವೇ ಗಟ್ಟಿ ಮಾಡುತ್ತದೆ ಎನ್ನುವವರು

ಈ ಪಂಥಕ್ಕೆ ಜನಪ್ರಿಯತೆ ಹೆಚ್ಚು, ಆಧಾರ ಕಡಿಮೆ. ಟೆಡೆಸ್ಕಿ ಮತ್ತು ಕ್ಯಾಲ್ಹೂನ್ 1996ರಲ್ಲಿ, ಆಘಾತದ ನಂತರ ಜನ ತಮ್ಮಲ್ಲಿ ಬೆಳವಣಿಗೆ ಕಂಡರೆಂದು ಅಳೆಯಲು 21 ಪ್ರಶ್ನೆಗಳ ಮಾಪನ ಮಾಡಿದರು. ಪೆಟ್ರೀಷಿಯಾ ಫ್ರೇಜಿಯರ್ ತಂಡ 2009ರಲ್ಲಿ ಘಟನೆಗೆ ಮುಂಚೆ ಮತ್ತು ನಂತರ ಅದೇ ಜನರನ್ನು ಅಳೆದಾಗ, ಅವರು ‘ಬೆಳೆದೆ’ ಎಂದದ್ದಕ್ಕೂ ನಿಜವಾಗಿ ಆದ ಬದಲಾವಣೆಗೂ ಹೊಂದಾಣಿಕೆ ತೀರಾ ಕಡಿಮೆ. ಮಾರ್ಕ್ ಸೀರಿ ಮತ್ತು ಸಂಗಡಿಗರು 2010ರಲ್ಲಿ, ಸ್ವಲ್ಪ ಕಷ್ಟ ಕಂಡವರು ಏನೂ ಕಾಣದವರಿಗಿಂತಲೂ ತುಂಬಾ ಕಂಡವರಿಗಿಂತಲೂ ನೆಮ್ಮದಿಯಾಗಿದ್ದಾರೆ ಎಂದರು. ಅದು ಇಡೀ ಬದುಕಿನ ಏಳುಬೀಳುಗಳ ಲೆಕ್ಕ, ಮನೆಯೊಳಗೆ ದಿನವೂ ನಡೆದ ಹಿಂಸೆಯ ಲೆಕ್ಕವಲ್ಲ. ಮಹಾಸಾಧಕರಲ್ಲಿ ಅನೇಕರ ಬಾಲ್ಯ ಕಷ್ಟದ್ದಾಗಿತ್ತು ಎಂದು 1962ರಲ್ಲಿ ಗೋರ್ಟ್‌ಜೆಲ್ ದಂಪತಿಗಳು ನಾನೂರಕ್ಕೂ ಹೆಚ್ಚು ಜೀವನಚರಿತ್ರೆಗಳಿಂದ ತೋರಿಸಿದ್ದರು. ಅಷ್ಟೇ ಕಷ್ಟ ಉಂಡು ಜೀವನಚರಿತ್ರೆ ಇಲ್ಲದೆ ಹೋದವರ ಸಂಖ್ಯೆ ಆ ಪುಸ್ತಕದಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ನಮ್ಮಲ್ಲಿ

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತು. ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು, ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾವುದಾದರೂ ಬಗೆಯ ಲೈಂಗಿಕ ಕಿರುಕುಳ ಕಂಡಿದ್ದರು. 2012ರ ಪೋಕ್ಸೋ ಕಾಯ್ದೆ ಬರುವ ಮುನ್ನ ಇದೇ ದೊಡ್ಡ ಸರ್ಕಾರಿ ಸಾಕ್ಷ್ಯವಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಮೈಸೂರೂ ಸೇರಿ ದೇಶದ ಹಲವೆಡೆ ಸಾವಿರಾರು ಮಕ್ಕಳು, ತರುಣರನ್ನು ಹಿಂಬಾಲಿಸುವ ಅಧ್ಯಯನ ಈಗ ನಡೆಯುತ್ತಿದೆ. ಆಂಧ್ರ, ತೆಲಂಗಾಣಗಳಲ್ಲಿ ‘ಯಂಗ್ ಲೈವ್ಸ್’ ಯೋಜನೆ 2002ರ ಸುಮಾರಿನಿಂದ ಬಡ ಮಕ್ಕಳ ಜೊತೆಗಿದೆ. ಅವರಿಗೂ ಏಣಿ ತೋರಿಸಿ ಕೇಳುತ್ತದೆ.

ಅಂಕಿಅಂಶಕ್ಕೆ ಮುಂಚೆಯೇ ಕನ್ನಡದಲ್ಲಿ ಇನ್ನೊಂದು ಬಗೆಯ ದಾಖಲೆ ಇತ್ತು, ಆತ್ಮಕಥೆ. ಪ್ಲೇಗಿನಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡು, ವಾರಾನ್ನ ಉಂಡು ಓದಿದ ಎಸ್.ಎಲ್. ಭೈರಪ್ಪನವರ ‘ಭಿತ್ತಿ’, ದಲಿತ ಕೇರಿಯಿಂದ, ಹಾಸ್ಟೆಲಿನಿಂದ ಬಂದ ಸಿದ್ದಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’. ಮೂವರೂ ಹೊರಗಿನ ಅಳತೆಯಲ್ಲಿ ಗೆದ್ದವರು. ಆದರೆ ಮೂರು ಪುಸ್ತಕಗಳು ಬಾಲ್ಯವನ್ನು ನೋಡುವ ರೀತಿ ಬೇರೆಬೇರೆ. ಭೈರಪ್ಪನವರಲ್ಲಿ ಒಂಟಿಯಾಗಿ ಹಟ ಹಿಡಿದು ನಡೆದವನ ದನಿ, ಸಿದ್ದಲಿಂಗಯ್ಯನವರಲ್ಲಿ ಅವಮಾನದ ನಡುವೆಯೂ ಎದೆ ತುಂಬಿ ನಗುವ ಶಕ್ತಿ, ಮಾಲಗತ್ತಿಯವರಲ್ಲಿ ಆರದ ಸಿಟ್ಟು. ಸಿಟ್ಟು ಆರಿಲ್ಲವೆಂದು ಒಬ್ಬರನ್ನು ಚೇತರಿಸಿಕೊಳ್ಳದವರ ಸಾಲಿಗೆ ಹಾಕಲಾದೀತೇ? ಅನ್ಯಾಯ ಇನ್ನೂ ನಡೆಯುತ್ತಿರುವಾಗ ಸಿಟ್ಟು ಆರದಿರುವುದೇ ಆರೋಗ್ಯ ಎಂದು ನನಗನ್ನಿಸುತ್ತದೆ. ಈ ಮೂವರೂ ಗಂಡಸರು ಎಂಬುದನ್ನೂ ಗಮನಿಸಬೇಕು. ಏಳನೆಯ ತರಗತಿಗೆ ಶಾಲೆ ಬಿಡಿಸಿ ಮದುವೆ ಮಾಡಿಕೊಟ್ಟ ಅಕ್ಕತಂಗಿಯರ ‘ಭಿತ್ತಿ’ಗಳು ಬರೆಯದೆಯೇ ಉಳಿದಿವೆ.

ಕವಾಯಿಯ ಅಜ್ಜಿ ಮತ್ತು ಟೀಚರ ಜಾಗದಲ್ಲಿ ನಮ್ಮಲ್ಲಿ ವಾರಾನ್ನದ ಮನೆಗಳಿದ್ದವು, ಸಿದ್ಧಗಂಗೆಯಂಥ ಮಠಗಳ ದಾಸೋಹವಿತ್ತು, ಸರ್ಕಾರಿ ವಿದ್ಯಾರ್ಥಿನಿಲಯಗಳಿದ್ದವು. ಹಸಿದ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ಕೊಟ್ಟ ಈ ವ್ಯವಸ್ಥೆಗಳಿಂದ ಹೊರಬಂದವರು ಲಕ್ಷಾಂತರ. ಅವರು ಅರವತ್ತಾದ ಮೇಲೆ ಹೇಗಿದ್ದಾರೆ, ನಿದ್ದೆ ಬರುತ್ತದೆಯೇ, ಬಾಲ್ಯದ ಬಗ್ಗೆ ಮಕ್ಕಳಿಗೆ ಏನು ಹೇಳುತ್ತಾರೆ ಎಂದು ವಿಚಾರಿಸಿದರೆ ಜಗತ್ತಿಗೇ ಬೇಕಾದ ತಿಳಿವಳಿಕೆ ಸಿಗುತ್ತದೆ.

ಇನ್ನೊಂದು ವ್ಯತ್ಯಾಸ ಅಳತೆಯಲ್ಲೇ ಇದೆ. ‘ನಿಮ್ಮ ಬದುಕು ತೃಪ್ತಿ ತಂದಿದೆಯೇ’ ಎಂದು ನಮ್ಮಲ್ಲಿ ಹಿರಿಯ ಮಗನನ್ನೋ ಮಗಳನ್ನೋ ಕೇಳಿದರೆ ಬರುವ ಉತ್ತರ ತಮ್ಮನನ್ನು ಓದಿಸಿದ್ದು, ತಂಗಿಯ ಮದುವೆ ಮಾಡಿದ್ದು, ಅವ್ವನಿಗೆ ಮನೆ ಕಟ್ಟಿಸಿದ್ದು. ರಿಫ್ ಅವರ ಸ್ವಾತಂತ್ರ್ಯದ ಅಂಕ ಇಂಥವರಿಗೆ ಕಡಿಮೆ ಬೀಳಬಹುದು. ಎಳೆಯ ವಯಸ್ಸಿಗೆ ಮನೆಯ ಭಾರ ಹೊತ್ತದ್ದನ್ನು ಪಾಶ್ಚಾತ್ಯ ಮನಶ್ಶಾಸ್ತ್ರದ ಒಂದು ಪಂಥ ಹಾನಿಯೆಂದೇ ಬರೆದುಕೊಳ್ಳುತ್ತದೆ. ಕವಾಯಿಯಲ್ಲಿ ವರ್ನರ್ ಅದನ್ನೇ ಆಸರೆ ಎಂದರು. ಹೊತ್ತ ಭಾರಕ್ಕೆ ಮನೆಯವರಿಂದ ಮನ್ನಣೆ ಸಿಕ್ಕಿತೇ, ಮಗುವಿನ ಓದು ಆಟಗಳಿಗೆ ಸ್ವಲ್ಪವಾದರೂ ಜಾಗ ಉಳಿಯಿತೇ ಎಂಬುದರ ಮೇಲೆ ಎರಡೂ ನಿಜವಾಗಬಹುದು.

ಇನ್ನೂ ಇತ್ಯರ್ಥವಾಗದವು

ಒಂದೇ ಮನೆಯ ಇಬ್ಬರು ಮಕ್ಕಳು ಬೇರೆಬೇರೆಯಾಗಿ ಬೆಳೆಯುವುದೇಕೆ? ಒಂದು ಜೀನಿನ ನಿರ್ದಿಷ್ಟ ರೂಪ ಇದ್ದವರಿಗೆ ಕಷ್ಟ ಹೆಚ್ಚು ತಾಗುತ್ತದೆ ಎಂಬ 2003ರ ಪ್ರಸಿದ್ಧ ಉತ್ತರ, 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ನೋಡಿದಾಗ ನಿಲ್ಲಲಿಲ್ಲ. ಹುಟ್ಟುಸ್ವಭಾವದ ಪಾಲು ಇದೆಯೆಂದು ಎಲ್ಲರೂ ಒಪ್ಪುತ್ತಾರೆ. ಎಷ್ಟು, ಯಾವ ಹಾದಿಯಲ್ಲಿ ಎಂಬುದು ತೆರೆದೇ ಇದೆ.

ಅಳೆಯಬೇಕಾದ್ದು ತಲುಪಿದ ಜಾಗವನ್ನೋ ನಡೆದ ದೂರವನ್ನೋ? ಈಗಿನ ಹೆಚ್ಚಿನ ಮಾಪನಗಳು ತಲುಪಿದ ಜಾಗವನ್ನೇ ಅಳೆಯುತ್ತವೆ. ನಡೆದ ದೂರ ಬೇಕೆಂದರೆ ಹೊರಟ ಜಾಗ ತಿಳಿದಿರಬೇಕು. ಅದಕ್ಕೆ ದಾಖಲೆಯನ್ನು ನಂಬಬೇಕೋ ನೆನಪನ್ನು ನಂಬಬೇಕೋ ಎಂಬ ಜಗಳಕ್ಕೇ ಮತ್ತೆ ಬಂದು ನಿಲ್ಲುತ್ತೇವೆ. ಮನಸ್ಸು ಚೆನ್ನಾಗಿದೆ ಎಂದು ಹೇಳಿ ಮೈ ಇಲ್ಲ ಎಂದಾಗ ಯಾವುದರ ಮಾತು ಕೊನೆಯದು ಎಂಬುದಕ್ಕೂ ಒಪ್ಪಿತ ನಿಯಮವಿಲ್ಲ. ಬ್ರೋಡಿ ನೋಡಿದ ತರುಣರು ಮುದುಕರಾಗುವವರೆಗೆ ಕಾಯದೆ ಆ ಸವೆತದ ಪೂರ್ತಿ ಬೆಲೆ ತಿಳಿಯುವುದೂ ಇಲ್ಲ.

ಕೊನೆಯದು ಮುಂದಿನ ತಲೆಮಾರಿನ ಪ್ರಶ್ನೆ. ಏಟು ತಿಂದವರು ಏಟು ಕೊಡುತ್ತಾರೆ ಎಂಬ ನಂಬಿಕೆಯನ್ನು ಕ್ಯಾಥಿ ವಿಡೊಮ್ 2015ರಲ್ಲಿ ನ್ಯಾಯಾಲಯದ ಕಡತಗಳಲ್ಲಿದ್ದವರ ಮಕ್ಕಳವರೆಗೆ ಹೋಗಿ ಪರೀಕ್ಷಿಸಿದರು. ದೈಹಿಕ ಹಿಂಸೆಯ ಮಟ್ಟಿಗೆ ಆ ನಂಬಿಕೆಗೆ ಆಧಾರ ಸಿಗಲಿಲ್ಲ. ನಿರ್ಲಕ್ಷ್ಯ ಮತ್ತು ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಸ್ವಲ್ಪ ಸಿಕ್ಕಿತು. ಅಂಥ ಮನೆಗಳ ಮೇಲೆ ಅಧಿಕಾರಿಗಳ ಕಣ್ಣು ಮೊದಲೇ ಹೆಚ್ಚಿರುವುದರಿಂದ ದೂರುಗಳೂ ಹೆಚ್ಚು ದಾಖಲಾಗುತ್ತವೆ ಎಂಬುದೂ ಕಂಡಿತು. ಬೆಲ್ಟಿನ ಏಟು ತಿಂದು ಬೆಳೆದ ಒಬ್ಬ ತಂದೆ ತನ್ನ ಮಗನ ಮೇಲೆ ಒಮ್ಮೆಯೂ ಕೈ ಎತ್ತದೆ ಇದ್ದರೆ ಅದಕ್ಕೆ ಕ್ಯಾಂಟ್ರಿಲನ ಏಣಿಯಲ್ಲೂ, ಡೀನರ್‌ನ ಐದು ವಾಕ್ಯಗಳಲ್ಲೂ, ಫೆಲಿಟ್ಟಿಯ ಹತ್ತು ಪ್ರಶ್ನೆಗಳಲ್ಲೂ ಜಾಗವಿಲ್ಲ. ನಡೆಯದೆ ಹೋದ ಹಿಂಸೆಯನ್ನು ಎಣಿಸುವ ವಿಧಾನ ಇನ್ನೂ ರೂಪುಗೊಳ್ಳಬೇಕಿದೆ. ಡುನೆಡಿನ್‌ನಲ್ಲಿ ಆ 1,037 ಮಂದಿಯ ಮಕ್ಕಳನ್ನೂ ಈಗ ಮಾತಾಡಿಸುತ್ತಿದ್ದಾರೆ.